ಹೆಲಿಕಾಪ್ಟರ್‌ನಿಂದ ನದಿಪಾತ್ರದ ನಕ್ಷೆ ಮಾಡುವುದು ಹೇಗೆ: ಅಹುರಿರಿ ಕಣಿವೆಯಿಂದ ಒಂದು ಕೈಪಿಡಿ

ನಕ್ಷೆಗೆಂದು ಹೆಲಿಕಾಪ್ಟರ್ ಹತ್ತುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಚೆಂದದ ಫೋಟೋ ತೆಗೆಯುವ ಆಸೆಯನ್ನು ನೆಲದಲ್ಲೇ ಬಿಟ್ಟು ಬನ್ನಿ. ನಮಗೆ ಬೇಕಿರುವುದು ಒಂದೇ ಎತ್ತರದಿಂದ, ಒಂದೇ ವೇಗದಲ್ಲಿ, ಒಂದೇ ಬೆಳಕಿನಲ್ಲಿ ತೆಗೆದ ಸಾವಿರಕ್ಕೂ ಹೆಚ್ಚು ಸಪ್ಪೆ ಫೋಟೋಗಳು. ಅವುಗಳಲ್ಲಿ ಯಾವುದನ್ನೂ ಗೋಡೆಗೆ ಹಾಕುವಂತಿರುವುದಿಲ್ಲ. ಆದರೆ ಎಲ್ಲವನ್ನೂ ಸಾಫ್ಟ್‌ವೇರಿನಲ್ಲಿ ಒಂದಕ್ಕೊಂದು ಹೊಂದಿಸಿದರೆ ಹತ್ತು ಕಿಲೋಮೀಟರ್ ಉದ್ದದ ನದಿಪಾತ್ರದ ಒಂದೊಂದು ಜಲ್ಲಿ ದಿಬ್ಬದ ಎತ್ತರವನ್ನೂ ಹತ್ತು ಸೆಂಟಿಮೀಟರ್ ಆಸುಪಾಸಿನಲ್ಲಿ ಹೇಳಬಲ್ಲವು. ಆ ಸೆಂಟಿಮೀಟರ್‌ಗಳು ಸಿಗುವುದು ಆಕಾಶದಲ್ಲಲ್ಲ, ಹಿಂದಿನ ದಿನ ನೆಲದ ಮೇಲೆ ಮಾಡಿದ ಕೆಲಸದಲ್ಲಿ. ಹಾಗಾಗಿ ಈ ಬರಹದ ದೊಡ್ಡ ಪಾಲು ಹಾರಾಟಕ್ಕೆ ಮುಂಚಿನದ್ದೇ.

ನಾನು ತೀರ್ಥಹಳ್ಳಿ ಕಡೆಯವಳು. ಈಗ ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ನದಿಗಳ ಸರ್ವೆ ಮಾಡುತ್ತೇನೆ. ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು ಅಹುರಿರಿ ನದಿ. ಸದರ್ನ್ ಆಲ್ಪ್ಸ್ ಸಾಲಿನಲ್ಲಿ ಹುಟ್ಟಿ, ಓಮರಾಮಾ ಎಂಬ ಚಿಕ್ಕ ಊರಿನ ಪಕ್ಕ ಹಾದು, ಬೆನ್‌ಮೋರ್ ಸರೋವರ ಸೇರುತ್ತದೆ. ಅದರ ಪಾತ್ರದಲ್ಲಿ ನೀರು ಒಂದೇ ಹರಿವಾಗಿ ಹೋಗುವುದಿಲ್ಲ. ಅಗಲವಾದ ಜಲ್ಲಿಯ ಬಯಲಿನ ಮೇಲೆ ಹತ್ತಾರು ಕವಲಾಗಿ ಒಡೆದು, ಕೂಡಿ, ಮತ್ತೆ ಒಡೆಯುತ್ತದೆ. ಇಂಥವನ್ನು ಜಡೆನದಿ ಎನ್ನೋಣ. ಒಂದು ದೊಡ್ಡ ನೆರೆ ಬಂದರೆ ಸಾಕು, ಕವಲುಗಳು ಜಾಗ ಬದಲಿಸುತ್ತವೆ, ಹಳೆಯ ನಕ್ಷೆ ಕೆಲಸಕ್ಕೆ ಬರುವುದಿಲ್ಲ.

ಇದೇ ನದಿಯನ್ನು ಆರಿಸಿಕೊಳ್ಳಲು ಇನ್ನೊಂದು ಕಾರಣವಿದೆ. ಲ್ಯೂಕ್ ಜೇವರ್ನಿಕ್, ಜೇಮ್ಸ್ ಬ್ರೇಸಿಂಗ್ಟನ್, ಬ್ರಯನ್ ಕರೂಸೊ ಎಂಬ ಸಂಶೋಧಕರು ಹೆಲಿಕಾಪ್ಟರ್‌ನಿಂದ ಸಾಮಾನ್ಯ ಕ್ಯಾಮೆರಾದಲ್ಲಿ ಇದರ ಫೋಟೋ ತೆಗೆದು, ಎತ್ತರದ ಮಾದರಿ ಕಟ್ಟಿ 2014ರಲ್ಲಿ ‘ಜಿಯೊಮಾರ್ಫಾಲಜಿ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಗಿಡಗಂಟಿ ಇಲ್ಲದ ತೆರೆದ ಜಲ್ಲಿಯಲ್ಲಿ ಎತ್ತರದ ತಪ್ಪು 10 ಸೆಂ.ಮೀ. ಆಸುಪಾಸು. ಕೋಟಿಗಟ್ಟಲೆ ಬೆಲೆಯ ಸರ್ವೆ ಕ್ಯಾಮೆರಾ ಇಲ್ಲದೆಯೂ ಇದು ಸಾಧ್ಯ ಎನ್ನುವುದು ನನ್ನಂಥವರಿಗೆ ದೊಡ್ಡ ಧೈರ್ಯ ಕೊಟ್ಟ ಸಂಗತಿ.

ಡ್ರೋನ್ ಇರುವಾಗ ಹೆಲಿಕಾಪ್ಟರ್ ಯಾಕೆ

ಒಂದು ಚದರ ಕಿಲೋಮೀಟರಿಗಿಂತ ಕಡಿಮೆ ಜಾಗವಾದರೆ ಹೆಲಿಕಾಪ್ಟರ್ ಬೇಡ, ಡ್ರೋನ್ ಸಾಕು. ಆದರೆ ಹತ್ತು ಕಿ.ಮೀ. ಉದ್ದ, ಒಂದು ಕಿ.ಮೀ. ಅಗಲದ ಪಾತ್ರಕ್ಕೆ ಲೆಕ್ಕ ಬೇರೆ. ಇಲ್ಲಿನ ಸಾಮಾನ್ಯ ನಿಯಮದ ಪ್ರಕಾರ ಡ್ರೋನ್ 120 ಮೀಟರಿಗಿಂತ ಮೇಲೆ ಹೋಗುವಂತಿಲ್ಲ, ಹಾರಿಸುವವರ ಕಣ್ಣಿನ ಅಳವಿನಿಂದ ಆಚೆ ಹೋಗುವಂತಿಲ್ಲ. ಬ್ಯಾಟರಿ ಬದಲಿಸುತ್ತ, ಕವಲು ದಾಟಿ ಜಾಗ ಬದಲಿಸುತ್ತ ಹೋದರೆ ದಿನಗಳೇ ಹಿಡಿಯುತ್ತವೆ. ಅಷ್ಟರಲ್ಲಿ ನದಿಯ ಮಟ್ಟ ಏರಿಳಿದಿರುತ್ತದೆ, ನೆರಳು ತಿರುಗಿರುತ್ತದೆ. ಸೋಮವಾರದ ನೀರಂಚು ಬುಧವಾರದ ನೀರಂಚಿಗೆ ಕೂಡುವುದಿಲ್ಲ. ಹೆಲಿಕಾಪ್ಟರ್ ಇದನ್ನು ಒಂದು ಗಂಟೆಯೊಳಗೆ ಮುಗಿಸುತ್ತದೆ, ಇಡೀ ನದಿ ಒಂದೇ ಹೊತ್ತಿನ ನದಿಯಾಗಿ ಸಿಗುತ್ತದೆ. ಪುಟ್ಟ ವಿಮಾನವೂ ಆಗುತ್ತದೆ. ಅಲಾಸ್ಕಾದಲ್ಲಿ ಮ್ಯಾಟ್ ನೋಲನ್ ಮತ್ತು ಸಂಗಡಿಗರು ಪುಟ್ಟ ವಿಮಾನದಿಂದ ಅಂಗಡಿಯಲ್ಲಿ ಸಿಗುವ ಕ್ಯಾಮೆರಾ ಬಳಸಿ ಹಿಮದ ಆಳ ಅಳೆದು 2015ರಲ್ಲಿ ಪ್ರಕಟಿಸಿದ್ದಾರೆ. ಆದರೆ ಇಕ್ಕಟ್ಟಾದ ಕಣಿವೆಯಲ್ಲಿ ನಿಧಾನಕ್ಕೆ ಹೋಗಿ ಚಿಕ್ಕ ಜಾಗದಲ್ಲಿ ತಿರುಗಬೇಕಾದಾಗ ಹೆಲಿಕಾಪ್ಟರೇ ಸರಿ.

ಯಾವಾಗ ಹಾರಬೇಕು

ಇದೊಂದನ್ನು ಸರಿಯಾಗಿ ಆರಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ವಸಂತದಲ್ಲಿ (ಇಲ್ಲಿ ಅದು ಸೆಪ್ಟೆಂಬರ್‌ನಿಂದ ನವೆಂಬರ್) ಹಿಮ ಕರಗಿ ನದಿ ತುಂಬಿರುತ್ತದೆ. ಹಕ್ಕಿಗಳು ಜಲ್ಲಿಯ ಮೇಲೆ ಗೂಡು ಮಾಡುವುದೂ ಆಗಲೇ. ‘ಕಾಕೀ’ ಎಂಬ ಕಪ್ಪು ಮೆಟ್ಟುಗಾಲು ಹಕ್ಕಿ ಜಗತ್ತಿನ ಅತಿ ಅಪರೂಪದ ನೀರುಹಕ್ಕಿಗಳಲ್ಲಿ ಒಂದು. ಅದರ ಕಾಡಿನ ಸಂತತಿ ಉಳಿದಿರುವುದು ಈ ಸೀಮೆಯ ನದಿಗಳಲ್ಲೇ. ಕೊಕ್ಕು ಒಂದು ಪಕ್ಕಕ್ಕೆ ಬಾಗಿರುವ ರೈಬಿಲ್, ಕಪ್ಪುಹಣೆಯ ಟರ್ನ್ ಹಕ್ಕಿ ಕೂಡ ಇಲ್ಲೇ ಮರಿ ಮಾಡುತ್ತವೆ. ಬರಿಯ ಜಲ್ಲಿಯ ಮೇಲೆ, ಕಲ್ಲಿನ ಬಣ್ಣದ ಮೊಟ್ಟೆ. ರೋಟರಿನ ಗಾಳಿಗೆ ತಾಯಿ ಹಕ್ಕಿ ಏಳುತ್ತದೆ, ಅಳತೆಗೆಂದು ನೆಲದ ಮೇಲೆ ಗುರುತುಪಟ್ಟಿ ಹಾಸಲು ಹೋದವರ ಬೂಟಿನಡಿ ಮೊಟ್ಟೆ ಸಿಗುತ್ತದೆ. ಆಗಸ್ಟಿನಿಂದ ಜನವರಿವರೆಗೆ ನಾನು ಈ ಕೆಲಸ ಒಪ್ಪುವುದಿಲ್ಲ. ಎಷ್ಟೇ ತುರ್ತು ಎಂದರೂ ಒಪ್ಪಬಾರದು ಎಂದೇ ನನ್ನ ನಿಲುವು. ವಸಂತದಲ್ಲಿ ಕುರಿಗಳು ಮರಿ ಹಾಕುವ ಕಾಲವೂ ಹೌದು. ಮೆರಿನೊ ಸಾಕುವ ರೈತರು ಆಗ ಹೆಲಿಕಾಪ್ಟರ್ ಸದ್ದು ಬೇಡ ಎನ್ನುತ್ತಾರೆ, ಅದು ನ್ಯಾಯವೇ.

ಉಳಿಯುವುದು ಫೆಬ್ರವರಿ ಕೊನೆಯಿಂದ ಏಪ್ರಿಲ್. ನೀರು ಇಳಿದು ತಿಳಿಯಾಗಿರುತ್ತದೆ, ಜಲ್ಲಿ ಹೆಚ್ಚು ತೆರೆದುಕೊಂಡಿರುತ್ತದೆ. ಚಳಿಗಾಲದಲ್ಲಿ ವಿಲೋ ಮರಗಳು ಎಲೆ ಉದುರಿಸಿರುವುದರಿಂದ ನೆಲ ಚೆನ್ನಾಗಿ ಕಾಣುತ್ತದಲ್ಲ ಎನ್ನುತ್ತಾರೆ. ನಿಜ, ಆದರೆ ಜೂನ್‌ನಲ್ಲಿ ನಡುಮಧ್ಯಾಹ್ನವೂ ಸೂರ್ಯ ಕ್ಷಿತಿಜದಿಂದ 22 ಡಿಗ್ರಿಯಷ್ಟೇ ಮೇಲಿರುತ್ತಾನೆ. ಒಂದೊಂದು ಪೊದೆಯ ನೆರಳೂ ಮಾರುದ್ದ ಚಾಚಿಕೊಂಡಿರುತ್ತದೆ. ನೆರಳಿನೊಳಗೆ ಸಾಫ್ಟ್‌ವೇರಿಗೆ ಹೊಂದಿಸಲು ಏನೂ ಸಿಗುವುದಿಲ್ಲ.

ಇನ್ನು ನೀರಿನ ಮೇಲಿನ ಬಿಸಿಲ ಹೊಳಪು. ಇದನ್ನು ಲೆಕ್ಕ ಹಾಕಿಯೇ ಹೊರಡಬೇಕು. ಸೂರ್ಯ ನೆತ್ತಿಯಿಂದ ಎಷ್ಟು ಡಿಗ್ರಿ ಓರೆಯಾಗಿದ್ದಾನೋ, ಕ್ಯಾಮೆರಾದ ನೇರ ಕೆಳಗಿನಿಂದ ಅಷ್ಟೇ ಡಿಗ್ರಿ ಸೂರ್ಯನ ಕಡೆಗೆ ಹೋದರೆ ಹೊಳಪಿನ ಬಿಂದು ಇರುತ್ತದೆ. ಓಮರಾಮಾ ಇರುವುದು ದಕ್ಷಿಣ ಅಕ್ಷಾಂಶ 44.5 ಡಿಗ್ರಿಯಲ್ಲಿ. ಡಿಸೆಂಬರಿನ ನಡುಹಗಲು ಸೂರ್ಯ ನೆತ್ತಿಯಿಂದ 21 ಡಿಗ್ರಿ ಓರೆ. 35 ಮಿ.ಮೀ. ಲೆನ್ಸ್ ಎರಡೂ ಪಕ್ಕಕ್ಕೆ 27 ಡಿಗ್ರಿ ನೋಡುತ್ತದೆ, ಅಂದರೆ ಹೊಳಪು ಫೋಟೋದೊಳಗೇ ಬಂದು ಕೂರುತ್ತದೆ. ಮಾರ್ಚ್ ಮಧ್ಯದಲ್ಲಿ ಸೂರ್ಯ 42–43 ಡಿಗ್ರಿ ಓರೆಯಾಗಿರುವುದರಿಂದ ಹೊಳಪು ಚೌಕಟ್ಟಿನ ಆಚೆ. ಇಲ್ಲಿ ನಡುಹಗಲಿನ ಸೂರ್ಯ ಉತ್ತರಕ್ಕಿರುತ್ತಾನೆ ಎನ್ನುವುದನ್ನು ಊರಿನಿಂದ ಬಂದವರು ನೆನಪಿಡಬೇಕು. ಕರ್ನಾಟಕದಲ್ಲಿ ಇದೇ ಕೆಲಸ ಮಾಡುವುದಾದರೆ ಏಪ್ರಿಲ್‌ನ ನಡುಹಗಲು ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಹೊಳಪು ಫೋಟೋದ ನಟ್ಟನಡುವೆ ಬೀಳುತ್ತದೆ. ಅಲ್ಲಿ ಬೆಳಗ್ಗೆ ಒಂಬತ್ತು, ಒಂಬತ್ತೂವರೆಗೆ ಹಾರುವುದು ಒಳ್ಳೆಯದು. ಎಲ್ಲಕ್ಕಿಂತ ಒಳ್ಳೆಯ ಬೆಳಕೆಂದರೆ ಎತ್ತರದಲ್ಲಿ ತೆಳ್ಳಗೆ, ಒಂದೇ ಸಮನೆ ಹರಡಿದ ಮೋಡ: ನೆರಳೂ ಇಲ್ಲ, ಹೊಳಪೂ ಇಲ್ಲ. ಬಿಡಿಬಿಡಿ ಮೋಡಗಳ ದಿನ ಹಾರಬೇಡಿ. ಮೋಡದ ನೆರಳು ಒಂದು ಫೋಟೋದಲ್ಲಿ ಇಲ್ಲಿದ್ದರೆ ಇನ್ನೊಂದರಲ್ಲಿ ಅಲ್ಲಿರುತ್ತದೆ.

ಗಾಳಿಯ ವಿಷಯ ಪೈಲಟ್‌ಗೆ ಬಿಟ್ಟದ್ದು. ಆದರೆ ನೀವೂ ಆಕಾಶ ನೋಡಲು ಕಲಿಯಿರಿ. ಈ ಕಣಿವೆಗೆ ವಾಯವ್ಯದಿಂದ ಪರ್ವತ ದಾಟಿ ಬರುವ ಒಣಗಾಳಿ ಬಹಳ ಜೋರು. ಗ್ಲೈಡರ್ ಎಂಬ ಎಂಜಿನ್ ಇಲ್ಲದ ವಿಮಾನ ಹಾರಿಸುವವರಿಗೆ ಅದೇ ಬೇಕು, 1995ರ ವಿಶ್ವ ಗ್ಲೈಡಿಂಗ್ ಚಾಂಪಿಯನ್‌ಶಿಪ್ ನಡೆದದ್ದು ಇಲ್ಲೇ. ನಮಗೆ ಬೇಡ. ಬೆಟ್ಟದ ಮೇಲೆ ನುಣುಪಾದ, ನಿಂತಲ್ಲೇ ನಿಂತ ಮೋಡ ಕಂಡರೆ ಆ ದಿನದ ಹಾರಾಟ ರದ್ದು ಮಾಡಿ. ಸದ್ದಿಲ್ಲದ ಗ್ಲೈಡರ್‌ಗಳು ಅದೇ ಗಾಳಿಯಲ್ಲಿ ಸುತ್ತುತ್ತಿರುತ್ತವೆ ಎನ್ನುವುದೂ ಒಂದು ಅಪಾಯ.

ಲೆಕ್ಕ

45 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ ಕ್ಯಾಮೆರಾ, 35 ಮಿ.ಮೀ. ಲೆನ್ಸ್ ಇದೆ ಎಂದುಕೊಳ್ಳಿ. ಝೂಮ್ ಲೆನ್ಸ್ ಬೇಡ. ಅಲುಗಾಟಕ್ಕೆ ಅದರ ಒಳಗಿನ ಗಾಜು ಸ್ವಲ್ಪ ಸರಿದರೂ ಇಡೀ ಲೆಕ್ಕ ಕೆಡುತ್ತದೆ. ನೆಲದಿಂದ 500 ಮೀಟರ್ ಎತ್ತರದಲ್ಲಿ ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ 6.2 ಸೆಂ.ಮೀ. ಒಂದು ಫೋಟೋ 513 ಮೀಟರ್ ಅಗಲ, 341 ಮೀಟರ್ ಉದ್ದದ ನೆಲವನ್ನು ಹಿಡಿಯುತ್ತದೆ.

ಇಲ್ಲಿಂದ ಮುಂದೆ ಓವರ್‌ಲ್ಯಾಪ್, ಅಂದರೆ ಒಂದು ಫೋಟೋ ಹಿಡಿದ ನೆಲ ಇನ್ನೊಂದರಲ್ಲಿ ಎಷ್ಟು ಮತ್ತೆ ಬರಬೇಕು ಎನ್ನುವುದು. ನಮ್ಮ ಮನೆಯ ಮಾಡಿಗೆ ನಾಡಹಂಚು ಹೊದಿಸುವಾಗ ಅಪ್ಪ ಒಂದು ಹಂಚಿನ ಮೇಲೆ ಇನ್ನೊಂದು ಎಷ್ಟು ಕೂರಬೇಕೆಂದು ಬೆರಳಿಟ್ಟು ತೋರಿಸುತ್ತಿದ್ದರು. ಕಡಿಮೆಯಾದರೆ ಮೊದಲ ಮಳೆಗೇ ಸೋರುತ್ತದೆ. ಇಲ್ಲಿಯೂ ಜಿಪುಣತನ ಮಾಡಬಾರದು. ಹಾರುವ ದಿಕ್ಕಿನಲ್ಲಿ 80 ಶೇಕಡಾ, ಪಕ್ಕಕ್ಕೆ 65 ಶೇಕಡಾ ಇರಲಿ. ಆಗ ನೆಲದ ಪ್ರತಿಯೊಂದು ಕಲ್ಲೂ ಹತ್ತಕ್ಕೂ ಹೆಚ್ಚು ಫೋಟೋಗಳಲ್ಲಿ, ಬೇರೆ ಬೇರೆ ಕೋನದಿಂದ ಬೀಳುತ್ತದೆ. ಆ ಕೋನಗಳ ವ್ಯತ್ಯಾಸದಿಂದಲೇ ಸಾಫ್ಟ್‌ವೇರ್ ಎತ್ತರವನ್ನು ಹೊರತೆಗೆಯುವುದು.

80 ಶೇಕಡಾ ಎಂದರೆ 68 ಮೀಟರಿಗೊಂದು ಫೋಟೋ. ಹೆಲಿಕಾಪ್ಟರ್ ನೆಲಕ್ಕೆ ಹೋಲಿಸಿ 60 ನಾಟ್ ವೇಗದಲ್ಲಿ ಹೋದರೆ ಸೆಕೆಂಡಿಗೆ 31 ಮೀಟರ್. ಎರಡು ಸೆಕೆಂಡಿಗೊಂದು ಕ್ಲಿಕ್ ಹೊಡೆದರೆ 62 ಮೀಟರ್, ಚೂರು ಉಳಿತಾಯವೂ ಇರುತ್ತದೆ. ಪೈಲಟ್‌ಗೆ ಹೇಳುವಾಗ ‘ನೆಲದ ವೇಗ’ ಎಂದು ಒತ್ತಿ ಹೇಳಿ. ಹಿಂಗಾಳಿಯಲ್ಲಿ ಗಾಳಿಯ ವೇಗದ ಮುಳ್ಳನ್ನು 60ಕ್ಕೆ ಇಟ್ಟುಕೊಂಡು ಹೋದರೆ ನೆಲದ ಮೇಲೆ 75 ಆಗಿರಬಹುದು, ಆಗ ಓವರ್‌ಲ್ಯಾಪ್ ಕರಗುತ್ತದೆ. ಹಾರುವ ಒಂದು ಸಾಲಿನಿಂದ ಪಕ್ಕದ ಸಾಲಿಗೆ 180 ಮೀಟರ್. ಒಂದು ಕಿ.ಮೀ. ಅಗಲದ ಪಾತ್ರಕ್ಕೆ ಆರು ಸಾಲು, ಎರಡೂ ದಡದ ಆಚೆ ಒಂದೊಂದು, ಒಟ್ಟು ಎಂಟು. ಆ ಹೊರಗಿನ ಎರಡು ಸಾಲನ್ನು ಹಣ ಉಳಿಸಲು ಬಿಟ್ಟರೆ ಅಂಚಿನ ದಡಗಳೇ ಹಾಳಾಗುತ್ತವೆ. ಕೊರೆತ ನಡೆಯುವುದು ಅಲ್ಲೇ, ರೈತರು ಕೇಳುವುದೂ ಅದನ್ನೇ. ಸಾಲಿಗೆ 160ರಂತೆ ಸುಮಾರು 1,300 ಫೋಟೋ. ತಿರುಗುವ ಹೊತ್ತೂ ಸೇರಿ ಸಾಲಿಗೆ ಏಳು ನಿಮಿಷ ಹಿಡಿದರೂ ಒಂದು ಗಂಟೆಯೊಳಗೆ ಮುಗಿಯುತ್ತದೆ.

ಎತ್ತರವನ್ನು ಪೈಲಟ್‌ಗೆ ಅಡಿಯಲ್ಲಿ, ಸಮುದ್ರಮಟ್ಟದಿಂದ ಲೆಕ್ಕ ಹಾಕಿ ಕೊಡಿ. ಇಲ್ಲಿ ಕಣಿವೆಯ ತಳವೇ 400 ಮೀಟರ್ ಮೀರಿದೆ. ಹತ್ತು ಕಿ.ಮೀ. ಹರಿಯುವಷ್ಟರಲ್ಲಿ ನದಿ ಹತ್ತಾರು ಮೀಟರ್ ಇಳಿಯುತ್ತದೆ, ಹಾಗಾಗಿ ಸಾಲನ್ನು ಮೂರು ನಾಲ್ಕು ತುಂಡು ಮಾಡಿ ಪ್ರತಿ ತುಂಡಿಗೂ ಬೇರೆ ಎತ್ತರ ಬರೆದುಕೊಡುವುದು ವಾಸಿ.

ನೆಲದ ಮೇಲಿನ ದಿನ

ಫೋಟೋಗಳಿಂದ ಕಟ್ಟಿದ ಮಾದರಿಗೆ ತಾನು ಭೂಮಿಯ ಮೇಲೆ ಎಲ್ಲಿದ್ದೇನೆಂದು ಗೊತ್ತಿರುವುದಿಲ್ಲ. ಅದನ್ನು ಮೊಳೆ ಹೊಡೆದು ನಿಲ್ಲಿಸುವುದು ಕಂಟ್ರೋಲ್ ಪಾಯಿಂಟ್‌ಗಳು. ಅದಕ್ಕೆ ನಾನು ಗುರುತುಪಟ್ಟಿಯಾಗಿ ಬಳಸುವುದು ಒಂದು ಮೀಟರ್ ಚೌಕದ ದಪ್ಪ ಟಾರ್ಪಾಲಿನ್. ನಾಲ್ಕು ಮನೆಯಾಗಿ ಕಪ್ಪು ಬಿಳುಪು ಬಣ್ಣ, ನಡುವಿನ ಚುಕ್ಕೆಯೇ ಅಳತೆಯ ಬಿಂದು. 6.2 ಸೆಂ.ಮೀ. ಪಿಕ್ಸೆಲ್‌ಗೆ ಅದು 16 ಪಿಕ್ಸೆಲ್ ಅಗಲ ಕಾಣುತ್ತದೆ. ಇದಕ್ಕಿಂತ ಚಿಕ್ಕದಾದರೆ ನಡುವನ್ನು ನಿಖರವಾಗಿ ಗುರುತಿಸಲಾಗದು. ಇಲ್ಲಿನ ಜಲ್ಲಿ ಬೂದು ಬಣ್ಣದ ಗ್ರೇವಾಕಿ ಕಲ್ಲು, ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತದೆ. ಬರೀ ಬಿಳಿ ಪಟ್ಟಿ ಅದರಲ್ಲಿ ಕಳೆದುಹೋಗುತ್ತದೆ, ಕಪ್ಪು ಇರಲೇಬೇಕು. ನಾಲ್ಕೂ ಮೂಲೆಗೆ ನದಿಯ ಕಲ್ಲೇ ಹೇರಿ.

ಇಷ್ಟು ದೂರಕ್ಕೆ ಇಪ್ಪತ್ತು ಪಟ್ಟಿ ಹಾಸುತ್ತೇವೆ: ಎರಡೂ ದಡ, ನಡುವಿನ ದಿಬ್ಬ, ಮೇಲಿನ ತುದಿ, ಕೆಳಗಿನ ತುದಿ, ಹಳೆಯ ನದಿಮಟ್ಟಿಲುಗಳ ಮೇಲೂ ಕೆಲವು. ಎಲ್ಲವೂ ಒಂದೇ ಮಟ್ಟದಲ್ಲಿರಬಾರದು. ಇದಲ್ಲದೆ ಹತ್ತು ಪಟ್ಟಿ ಪರೀಕ್ಷೆಗೆಂದು ಬೇರೆ. ಅವುಗಳ ಅಳತೆಯನ್ನು ಸಾಫ್ಟ್‌ವೇರಿಗೆ ಕೊಡಬಾರದು. ಮಾದರಿ ಮುಗಿದ ಮೇಲೆ ಅದು ಹೇಳುವ ಎತ್ತರವನ್ನು ಇವುಗಳ ಜೊತೆ ಹೋಲಿಸಬೇಕು. ನಕ್ಷೆಯ ಮೇಲೆ ‘ಇಷ್ಟು ನಿಖರ’ ಎಂದು ಬರೆಯುವ ಹಕ್ಕು ಬರುವುದು ಈ ಹತ್ತರಿಂದ. ಪಟ್ಟಿ ಸಾಲದೆ ಬಂದಾಗ ಎಲ್ಲರೂ ಮೊದಲು ಕೈಬಿಡುವುದು ಇವನ್ನೇ, ಬಿಡಬಾರದ್ದೂ ಇವನ್ನೇ.

ಅಳೆಯಲು ಸರ್ವೆ ದರ್ಜೆಯ ಜಿಪಿಎಸ್ ಜೋಡಿ ಬೇಕು: ಒಂದು ಕದಲದೆ ಒಂದೇ ಕಡೆ ನಿಲ್ಲುವ ಬೇಸ್, ಇನ್ನೊಂದು ಹಿಡಿದು ಓಡಾಡುವ ಕೋಲಿನ ಮೇಲೆ. ಹೀಗಾದರೆ 2–3 ಸೆಂ.ಮೀ.ಗೆ ಸಿಗುತ್ತದೆ. ಬೇಸನ್ನು ಸರ್ಕಾರದ ಗುರುತು ಕಲ್ಲಿನ ಮೇಲೆ ಇಡಿ. ಇಲ್ಲಿನ ಭೂಮಾಪನ ಇಲಾಖೆ ಗುರುತುಗಳ ಪಟ್ಟಿಯನ್ನೂ ‘ಪೊಸಿಶನ್ಸ್’ ಎಂಬ ಕಾಯಂ ಜಿಪಿಎಸ್ ಕೇಂದ್ರಗಳ ದತ್ತಾಂಶವನ್ನೂ ಉಚಿತವಾಗಿ ಕೊಡುತ್ತದೆ. ಎತ್ತರಕ್ಕೆ 2016ರ ರಾಷ್ಟ್ರೀಯ ಎತ್ತರದ ಮಟ್ಟವನ್ನೇ ಬಳಸಿ. ಈ ದೇಶ ಎರಡು ಭೂಫಲಕಗಳ ಗಡಿಯ ಮೇಲೆ ಕೂತಿದೆ, ನೆಲವೇ ವರ್ಷಕ್ಕೆ ಕೆಲವು ಸೆಂಟಿಮೀಟರ್ ಸರಿಯುತ್ತದೆ. ಅಳೆದ ದಿನಾಂಕ ಬರೆಯದ ಸ್ಥಾನಾಂಕಕ್ಕೆ ಇಲ್ಲಿ ಅರ್ಥವಿಲ್ಲ.

ಕವಲು ದಾಟುವಾಗ ಇಬ್ಬರು ಇರಲೇಬೇಕು, ಸೊಂಟದ ಮಟ್ಟಕ್ಕೆ ನೀರಿದ್ದರೆ ದಾಟಬೇಡಿ. ಇನ್ನೊಂದು ನದಿಗೆ ಹೋಗುವ ಮುಂಚೆ ಬೂಟು, ಕೋಲು ಎಲ್ಲ ತೊಳೆದು ಒಣಗಿಸಬೇಕು. ಡಿಡಿಮೊ ಎಂಬ ಪಾಚಿ 2004ರಲ್ಲಿ ಈ ದ್ವೀಪದಲ್ಲಿ ಕಾಣಿಸಿಕೊಂಡಿತು. ಒಂದು ಹನಿ ನೀರಿನಲ್ಲಿ ಹೋಗಿ ಹೊಸ ನದಿಯ ತಳವನ್ನೇ ಮುಚ್ಚಿಬಿಡುತ್ತದೆ. ದಡದ ಜಮೀನು ಯಾರದ್ದೋ ಅವರಿಗೆ ಮೊದಲೇ ಫೋನ್ ಮಾಡಿ. ಸಂರಕ್ಷಣಾ ಇಲಾಖೆಯ ಜಾಗದಲ್ಲಿ ಹೆಲಿಕಾಪ್ಟರ್ ಇಳಿಸಲು ಬೇರೆ ಅನುಮತಿ ಬೇಕು.

ಕ್ಯಾಮೆರಾ

ಎಲ್ಲ ಆಟೊಮ್ಯಾಟಿಕ್ ಸೌಲಭ್ಯಗಳನ್ನೂ ಆಫ್ ಮಾಡಿ. ಫೋಕಸ್ ಕೈಯಿಂದ ದೂರಕ್ಕೆ ಹೊಂದಿಸಿ, ಉಂಗುರದ ಮೇಲೆ ಟೇಪ್ ಸುತ್ತಿ. ಅಲುಗಾಟ ತಡೆಯುವ ಸೌಲಭ್ಯವನ್ನೂ ಆಫ್ ಮಾಡಬೇಕು, ಅದು ಪ್ರತಿ ಫೋಟೋಗೂ ಗಾಜನ್ನೋ ಸೆನ್ಸರನ್ನೋ ಸರಿಸುತ್ತದೆ. ಶಟರ್ 1/1600 ಸೆಕೆಂಡ್. ಅಷ್ಟರಲ್ಲಿ ಹೆಲಿಕಾಪ್ಟರ್ 2 ಸೆಂ.ಮೀ. ಸರಿಯುತ್ತದೆ, ಪಿಕ್ಸೆಲ್‌ನ ಮೂರನೇ ಒಂದು ಪಾಲು ಅಷ್ಟೇ. ಅಪರ್ಚರ್ 5.6, ಐಎಸ್ಒ 400 ಆಸುಪಾಸು. ಎಲೆಕ್ಟ್ರಾನಿಕ್ ಶಟರ್ ಬೇಡ, ಯಾಂತ್ರಿಕ ಶಟರ್ ಇರಲಿ. ಬೆಳಕನ್ನು ಬೆಳ್ಳಗಿನ ಜಲ್ಲಿಗೆ ಹೊಂದಿಸಿ, ವಿಲೋ ಮರ ಸ್ವಲ್ಪ ಕಪ್ಪಾದರೂ ಚಿಂತೆಯಿಲ್ಲ. ಸುಟ್ಟು ಬಿಳುಪಾದ ಜಲ್ಲಿಯಲ್ಲಿ ಕಲ್ಲುಗಳ ವಿವರ ಉಳಿಯುವುದಿಲ್ಲ, ವಿವರ ಇಲ್ಲದಿದ್ದರೆ ಎತ್ತರವೂ ಇಲ್ಲ. ಕ್ಯಾಮೆರಾ ತಿದ್ದದೆ ಉಳಿಸುವ ರಾ ಫೈಲ್ ಒಂದಕ್ಕೆ 50 ಎಂಬಿ ಎಂದರೆ ಒಟ್ಟು 65 ಜಿಬಿ; ಒಂದೇ ದೊಡ್ಡ ಕಾರ್ಡ್ ಹಾಕಿ, ಆಕಾಶದಲ್ಲಿ ಕಾರ್ಡ್ ಬದಲಿಸುವ ಪ್ರಶ್ನೆಯೇ ಬರಬಾರದು.

ಕ್ಲಿಕ್ ಆದ ಕ್ಷಣವನ್ನು ಫ್ಲ್ಯಾಶ್ ಜೋಡಿಸುವ ಜಾಗದಿಂದ ತಂತಿ ಎಳೆದು ಜಿಪಿಎಸ್ ಪೆಟ್ಟಿಗೆಗೆ ಕೊಟ್ಟರೆ ಪ್ರತಿ ಫೋಟೋ ಎಲ್ಲಿಂದ ತೆಗೆದದ್ದು ಎಂಬುದು ಕೆಲವೇ ಸೆಂಟಿಮೀಟರಿಗೆ ತಿಳಿಯುತ್ತದೆ. ಆ ಸೌಕರ್ಯವಿಲ್ಲದಿದ್ದರೆ ಜಿಪಿಎಸ್ ಪರದೆಯ ಮೇಲಿನ ಸಮಯದ್ದೇ ಒಂದು ಫೋಟೋ ತೆಗೆದುಕೊಳ್ಳಿ. ಆಮೇಲೆ ಹೊಂದಿಸಲು ಅದೊಂದು ಸಾಕು.

ಬಾಗಿಲಿಲ್ಲದ ಹೆಲಿಕಾಪ್ಟರ್‌ನಲ್ಲಿ

ಕಂಪನಿಯ ಬಳಿ ವಿಮಾನಯಾನ ಇಲಾಖೆ ಒಪ್ಪಿದ ಕ್ಯಾಮೆರಾ ಚೌಕಟ್ಟು ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ನೀವೇ ಏನನ್ನೂ ಹೆಲಿಕಾಪ್ಟರ್‌ಗೆ ಬಿಗಿಯುವಂತಿಲ್ಲ, ಕೈಯಲ್ಲೇ ಹಿಡಿಯಬೇಕು. ಆರ್44ನಂಥ ನಾಲ್ಕು ಸೀಟಿನ ಯಂತ್ರದಲ್ಲಿ ಪೈಲಟ್ ಕೂರುವುದು ಬಲಕ್ಕೆ. ಫೋಟೋ ತೆಗೆಯುವವರು ಅವರ ಹಿಂದೆ, ಅದೇ ಬಲ ಪಕ್ಕದಲ್ಲಿ ಕೂತರೆ ಇಬ್ಬರಿಗೂ ಒಂದೇ ನೆಲ ಕಾಣುತ್ತದೆ. ಮೂರನೆಯವರು ಸಾಲಿನ ಪಟ್ಟಿ ಹಿಡಿದು ಲೆಕ್ಕ ಇಡುತ್ತಾರೆ.

ಬಾಗಿಲು ತೆಗೆದ ಮೇಲೆ ಸಡಿಲವಾದದ್ದು ಏನೂ ಒಳಗಿರಬಾರದು. ಲೆನ್ಸಿನ ಹುಡ್, ಮುಚ್ಚಳ, ಟೋಪಿ, ಜೇಬಿನ ಪೆನ್, ಕಾಗದ, ಒಂದೂ ಬೇಡ. ಹಾರಿಹೋದ ಹಗುರ ವಸ್ತು ಹಿಂದಿನ ರೋಟರಿಗೆ ಬಡಿದರೆ ಎಲ್ಲರ ಜೀವಕ್ಕೂ ಅಪಾಯ. ಕ್ಯಾಮೆರಾಗೆ ಎರಡು ಕಡೆ ಪಟ್ಟಿ, ನಿಮಗೆ ಸೀಟ್ ಬೆಲ್ಟ್ ಅಲ್ಲದೆ ಪೂರ್ತಿ ಹಾರ್ನೆಸ್. ಅದನ್ನು ಬೇಗ ಬಿಡಿಸಿಕೊಳ್ಳುವುದು ಹೇಗೆಂದು ನೆಲದ ಮೇಲೆ, ಕಣ್ಣು ಮುಚ್ಚಿ ಅಭ್ಯಾಸ ಮಾಡಿ. ಎಲ್ಲರನ್ನೂ ಸಾಮಾನು ಸಮೇತ ತೂಗಿಸಿ ಸರಿಯಾದ ತೂಕ ಹೇಳಿ. ಸಂಕೋಚಕ್ಕೆ ನಾಲ್ಕು ಕಿಲೋ ಕಡಿಮೆ ಹೇಳುವ ಜಾಗ ಇದಲ್ಲ. ಮಾರ್ಚಿನಲ್ಲೂ ಅಷ್ಟೆತ್ತರದ ಗಾಳಿಗೆ ಬೆರಳು ಮರಗಟ್ಟುತ್ತದೆ, ತೆಳು ಕೈಗವಸು ಹಾಕಿ. ಹತ್ತುವಾಗ ಇಳಿಯುವಾಗ ಪೈಲಟ್ ಕಣ್ಣಿಗೆ ಕಾಣುವಂತೆ ಮುಂದಿನಿಂದಲೇ ಬನ್ನಿ, ಬಾಲದ ಕಡೆಗೆ ಎಂದೂ ಹೋಗಬೇಡಿ.

ಈಗ ಕೈಯಲ್ಲಿ ಹಿಡಿದು ತೆಗೆಯುವವರೆಲ್ಲ ತಿಳಿದಿರಬೇಕಾದ ಒಂದು ವಿಷಯ. ಪಕ್ಕಕ್ಕೆ ಮುಖಮಾಡಿ ಕೂತು ಕ್ಯಾಮೆರಾವನ್ನು ಅಡ್ಡಕ್ಕೆ ಹಿಡಿದರೆ ಫೋಟೋದ ಉದ್ದನೆಯ ಬದಿ ಹಾರುವ ದಿಕ್ಕಿಗೇ ಬರುತ್ತದೆ, ಸಾಲುಗಳ ನಡುವೆ ಖಾಲಿ ಜಾಗ ಬೀಳುತ್ತದೆ. ನೆಟ್ಟಗೆ ಹಿಡಿಯಬೇಕು. ಇನ್ನೊಂದು: ನೇರ ಕೆಳಕ್ಕೆ ತೆಗೆಯಲು ಹೋದರೆ ಹೆಲಿಕಾಪ್ಟರ್ ನೆಲದ ಮೇಲೆ ನಿಲ್ಲುವ ಕಾಲ್ದಂಡ ಅಡ್ಡ ಬರುತ್ತದೆ. 15 ಡಿಗ್ರಿ ಓರೆ ಮಾಡಿ. 500 ಮೀಟರ್ ಎತ್ತರದಲ್ಲಿ ಆ 15 ಡಿಗ್ರಿ ಎಂದರೆ ಫೋಟೋದ ನಡು 134 ಮೀಟರ್ ಬಲಕ್ಕೆ ಸರಿಯುತ್ತದೆ. ಹಾಗಾಗಿ ಹಾರುವ ಸಾಲನ್ನೇ ಅಷ್ಟು ಎಡಕ್ಕೆ ಬರೆದಿಟ್ಟಿರಬೇಕು. ವಾಪಸು ಬರುವಾಗ ಬಲ ಯಾವುದು, ಎಡ ಯಾವುದು ಎನ್ನುವುದು ನೆಲದ ಲೆಕ್ಕದಲ್ಲಿ ಅದಲುಬದಲು, ಅದನ್ನೂ ಮೊದಲೇ ಬರೆದಿಡಿ.

ಈ ಓರೆ ಒಂದು ಕೊರತೆಯಲ್ಲ, ಉಪಕಾರವೇ. ಎಲ್ಲ ಫೋಟೋಗಳೂ ನೇರ ಕೆಳಮುಖವಾಗಿದ್ದರೆ ಲೆನ್ಸಿನ ಸಣ್ಣ ಡೊಂಕನ್ನು ಸಾಫ್ಟ್‌ವೇರ್ ಸರಿಯಾಗಿ ಬಿಡಿಸಲಾರದೆ ಇಡೀ ಬಯಲನ್ನು ಗುಮ್ಮಟದ ಹಾಗೆ ಉಬ್ಬಿಸಿಬಿಡುತ್ತದೆ. ಮೈಕ್ ಜೇಮ್ಸ್ ಮತ್ತು ಸ್ಟುವರ್ಟ್ ರಾಬ್ಸನ್ ಎಂಬ ಸಂಶೋಧಕರು 2014ರಲ್ಲಿ ಇದನ್ನು ವಿವರವಾಗಿ ತೋರಿಸಿ, ಓರೆ ಫೋಟೋಗಳನ್ನು ಸೇರಿಸಿದರೆ ಉಬ್ಬು ಬಹುಪಾಲು ಇಳಿಯುತ್ತದೆ ಎಂದರು. ಹೋಗುವಾಗ ಒಂದು ಕಡೆ ಓರೆ, ಬರುವಾಗ ಇನ್ನೊಂದು ಕಡೆ ಓರೆಯಾದಾಗ ಫೋಟೋಗಳು ಒಂದನ್ನೊಂದು ಎದುರುನೋಡುತ್ತವೆ, ಲೆಕ್ಕ ಗಟ್ಟಿಯಾಗುತ್ತದೆ. ಬಾಗಿಲು ಉತ್ತರಕ್ಕೆ ತಿರುಗಿರುವ ಸಾಲಿನಲ್ಲಿ ಮಾತ್ರ ಓರೆಯನ್ನು ಆದಷ್ಟು ಕಡಿಮೆ ಮಾಡಿ, ಇಲ್ಲದಿದ್ದರೆ ಸೂರ್ಯನ ಹೊಳಪು ಅಂಚಿನಿಂದ ಒಳಗೆ ಬರುತ್ತದೆ.

ಮೊಣಕೈಯನ್ನು ಬಾಗಿಲ ಚೌಕಟ್ಟಿಗೆ ಊರಬೇಡಿ. ಎಂಜಿನ್ನಿನ ನಡುಕ ನೇರವಾಗಿ ಲೆನ್ಸಿಗೆ ಬರುತ್ತದೆ. ಮೈಗೆ ಒತ್ತಿ ಹಿಡಿಯಿರಿ. ಮೊದಲ ಸಾಲು ಮುಗಿದು ತಿರುಗುವಾಗ ಮೂರು ನಾಲ್ಕು ಫೋಟೋ ದೊಡ್ಡದು ಮಾಡಿ ನೋಡಿ: ಕಲ್ಲುಗಳು ಬಿಡಿಬಿಡಿಯಾಗಿ ಕಾಣುತ್ತಿವೆಯೇ, ಜಲ್ಲಿ ಸುಟ್ಟಿಲ್ಲವೇ. ಸರಿ ಇದ್ದರೆ ಆಮೇಲೆ ಯಾವ ಗುಂಡಿಯನ್ನೂ ಮುಟ್ಟಬೇಡಿ. ಅಡ್ಡಗಾಳಿಗೆ ಹೆಲಿಕಾಪ್ಟರ್ ಮೂತಿ ಓರೆ ಮಾಡಿಕೊಂಡು ಹೋಗುತ್ತದೆ, ಫೋಟೋಗಳೂ ತಿರುಚಿಕೊಳ್ಳುತ್ತವೆ. 65 ಶೇಕಡಾ ಓವರ್‌ಲ್ಯಾಪ್ ಇಟ್ಟಿರುವುದು ಇದನ್ನೂ ತಡೆದುಕೊಳ್ಳಲಿ ಎಂದೇ. ಬಾಗಿಲಿಲ್ಲದಾಗ ಮೈಕಿನೊಳಗೆ ಗಾಳಿ ನುಗ್ಗಿ ಮಾತು ಕೇಳಿಸುವುದಿಲ್ಲ. ಮೈಕಿಗೆ ಸ್ಪಂಜಿನ ಕವಚ ಹಾಕಿ, ಮಾತು ‘ಸಾಲು ಶುರು’, ‘ಸಾಲು ಮುಗೀತು’, ‘ನಿಲ್ಲಿಸಿ’ ಇಷ್ಟಕ್ಕೇ ಇರಲಿ. ‘ನಿಲ್ಲಿಸಿ’ ಎಂದು ಯಾರು ಹೇಳಿದರೂ ನಿಲ್ಲಿಸಬೇಕು.

ಇಳಿದ ಮೇಲೆ

ಗಾಡಿ ಹತ್ತುವ ಮುಂಚೆಯೇ ಫೋಟೋಗಳ ಎರಡು ಪ್ರತಿ ಮಾಡಿ. ಪಟ್ಟಿಗಳನ್ನು ಇನ್ನೂ ಎತ್ತಬೇಡಿ. ಅವೆಲ್ಲ ಫೋಟೋದಲ್ಲಿ ಬಿದ್ದಿವೆಯೆಂದು ಲ್ಯಾಪ್‌ಟಾಪಿನಲ್ಲಿ ನೋಡಿಕೊಂಡ ಮೇಲೆ ಎತ್ತಿ.

ಸಾಫ್ಟ್‌ವೇರ್‌ಗಳಲ್ಲಿ ಮೆಟಾಶೇಪ್ ಹಣ ಕೊಟ್ಟು ಕೊಳ್ಳುವಂಥದ್ದು. ಓಪನ್‌ಡ್ರೋನ್‌ಮ್ಯಾಪ್, ಫ್ರಾನ್ಸಿನ ಮಿಕ್‌ಮ್ಯಾಕ್ ಉಚಿತ, ಕಲಿಯುವ ತಾಳ್ಮೆ ಬೇಕು. ಕ್ರಮ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ: ಮಸುಕಾದ ಫೋಟೋ ತೆಗೆದುಹಾಕುವುದು, ಉಳಿದವನ್ನು ಹೊಂದಿಸುವುದು, ಕಂಟ್ರೋಲ್ ಪಾಯಿಂಟ್ ಗುರುತಿಸುವುದು, ಕ್ಯಾಮೆರಾದ ಲೆಕ್ಕ ತಿದ್ದುವುದು, ಆಮೇಲೆ ದಟ್ಟ ಬಿಂದುಗಳ ಮಾದರಿ, ಎತ್ತರದ ನಕ್ಷೆ, ಜೋಡಿಸಿದ ಫೋಟೋ ನಕ್ಷೆ. ಪರೀಕ್ಷೆಯ ಹತ್ತು ಪಟ್ಟಿಗಳ ತಪ್ಪನ್ನು ನಕ್ಷೆಯ ಮೇಲೆ ಗುರುತು ಹಾಕಿ ನೋಡಿ. ಸರಾಸರಿ ಚಿಕ್ಕದಿದ್ದರೆ ಸಾಲದು. ನಡುವೆ ಎಲ್ಲ ಮೇಲಕ್ಕೆ, ಅಂಚಿನಲ್ಲಿ ಎಲ್ಲ ಕೆಳಕ್ಕೆ ಇದ್ದರೆ ಆ ಗುಮ್ಮಟ ಇನ್ನೂ ಉಳಿದಿದೆ ಎಂದರ್ಥ.

ನೀರಿನಡಿಯ ತಳ ಇದ್ದದ್ದಕ್ಕಿಂತ ಮೇಲೆ ಕಾಣುತ್ತದೆ, ಬೆಳಕು ನೀರಿನಲ್ಲಿ ಬಾಗುವುದರಿಂದ. ಕಾಣುವ ಆಳವನ್ನು 1.34ರಿಂದ ಗುಣಿಸಿದರೆ ನಿಜದ ಆಳಕ್ಕೆ ಹತ್ತಿರ ಬರುತ್ತದೆ. ಇದು ನೀರು ತಿಳಿಯಾಗಿ, ಅಲೆ ಇಲ್ಲದಿದ್ದಾಗ ಮಾತ್ರ. ಹಿಮನದಿಯ ಹಿಟ್ಟು ಬೆರೆತ ಬಿಳಿನೀರಿನ ನದಿಗಳಲ್ಲಿ ಇದು ನಡೆಯುವುದಿಲ್ಲ. ಅಹುರಿರಿಯಲ್ಲೂ ಆಳದ ಮಡುಗಳನ್ನು ಕೋಲಿನಿಂದಲೋ ದೋಣಿಯ ಮೇಲಿನ ಧ್ವನಿ ಉಪಕರಣದಿಂದಲೋ ಅಳೆದು ಸೇರಿಸಬೇಕು. ವಿಲೋ, ಲ್ಯೂಪಿನ್ ಪೊದೆಗಳ ಕೆಳಗಿನ ನೆಲ ನಮ್ಮ ಫೋಟೋಗಳಿಗೆ ಕಾಣುವುದೇ ಇಲ್ಲ. ಆ ಜಾಗಗಳನ್ನು ನಕ್ಷೆಯಲ್ಲಿ ಖಾಲಿ ಬಿಡಿ, ಸುತ್ತಲಿನ ಎತ್ತರದಿಂದ ಊಹಿಸಿ ತುಂಬಬೇಡಿ. ಅಲ್ಲಿ ಬೇಕಿದ್ದರೆ ಲೈಡಾರ್, ಅಂದರೆ ಲೇಸರ್ ಬೆಳಕಿನ ಅಳತೆ, ಮಾಡಿಸಬೇಕು.

ಭಾರತದಲ್ಲಿ ಮಾಡಹೊರಟವರಿಗೆ ಎರಡು ಮಾತು. 1937ರ ವಿಮಾನ ನಿಯಮಗಳ 13ನೇ ನಿಯಮದಂತೆ ಆಕಾಶದಿಂದ ಇಂಥ ಫೋಟೋ ತೆಗೆಯಲು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಲಿಖಿತ ಅನುಮತಿ ಬೇಕು, ರಕ್ಷಣಾ ಸಚಿವಾಲಯದ ಒಪ್ಪಿಗೆಯೂ ಸೇರುತ್ತದೆ. ಇದಕ್ಕೆ ಸಮಯ ಹಿಡಿಯುತ್ತದೆ, ಹಾಗಾಗಿ ನದಿ ಇಳಿಯುವ ಕಾಲದಿಂದ ಹಿಂದಕ್ಕೆ ಲೆಕ್ಕ ಹಾಕಿ ಅರ್ಜಿ ಕೊಡಿ. 2021ರ ಫೆಬ್ರವರಿಯ ಮಾರ್ಗಸೂಚಿ ಬಂದ ಮೇಲೆ ಭಾರತೀಯ ಸಂಸ್ಥೆಗಳಿಗೆ ನಕ್ಷೆಯ ಕೆಲಸ ಬಹಳ ಸಲೀಸಾಗಿದೆ. ಅಡ್ಡಳತೆಯಲ್ಲಿ ಒಂದು ಮೀಟರಿಗಿಂತ, ಎತ್ತರದಲ್ಲಿ ಮೂರು ಮೀಟರಿಗಿಂತ ನಿಖರವಾದ ದತ್ತಾಂಶವನ್ನು ಮಾತ್ರ ಭಾರತೀಯರೇ ಮಾಡಬೇಕು, ಭಾರತದಲ್ಲೇ ಇಡಬೇಕು. ನಮ್ಮ ಆರು ಸೆಂಟಿಮೀಟರಿನ ಕೆಲಸ ಈ ಗುಂಪಿಗೇ ಬರುತ್ತದೆ.

ಕೊನೆಯದಾಗಿ ಮುಂದಿನ ಹಾರಾಟದ ಲೆಕ್ಕ. ನದಿಯ ನಕ್ಷೆ ಒಂದೇ ಇದ್ದರೆ ಅದರ ಬೆಲೆ ಅರ್ಧ. ನೆರೆಯ ನಂತರ ಇನ್ನೊಮ್ಮೆ ಹಾರಿ, ಒಂದು ನಕ್ಷೆಯ ಎತ್ತರದಿಂದ ಇನ್ನೊಂದರದ್ದನ್ನು ಕಳೆದಾಗ ಎಲ್ಲಿ ಕೊರೆದಿದೆ, ಎಲ್ಲಿ ತುಂಬಿದೆ ಎಂಬುದು ಕಾಣುತ್ತದೆ. ಎರಡರಲ್ಲೂ 10 ಸೆಂ.ಮೀ. ತಪ್ಪಿದ್ದರೆ ವ್ಯತ್ಯಾಸದಲ್ಲಿ ಅದು 14 ಆಗುತ್ತದೆ. ನೂರಕ್ಕೆ 95 ಪಾಲು ಭರವಸೆಯಿಂದ ಹೇಳಬೇಕಾದರೆ 28 ಸೆಂ.ಮೀ.ಗಿಂತ ಕಡಿಮೆ ಬದಲಾವಣೆಯನ್ನು ಬದಲಾವಣೆ ಎನ್ನುವಂತಿಲ್ಲ. ರೈತರೊಬ್ಬರು ‘ನನ್ನ ದಡ ಎಷ್ಟು ಹೋಯಿತು’ ಎಂದು ಕೇಳಿದಾಗ ಈ ಅಂಕಿಯನ್ನೂ ಜೊತೆಗೇ ಹೇಳಿ. ಆದ್ದರಿಂದ ಕಡತದಲ್ಲಿ ರಾ ಫೋಟೋಗಳು, ಪಟ್ಟಿಗಳ ಸ್ಥಾನಾಂಕ, ಪರೀಕ್ಷೆಯ ಪಟ್ಟಿಗಳ ತಪ್ಪು, ಲೆನ್ಸು ಮತ್ತು ಕ್ಯಾಮೆರಾದ ಕ್ರಮಸಂಖ್ಯೆ, ಹಾರಿದ ಸಾಲುಗಳು, ಆ ಹೊತ್ತಿಗೆ ನದಿಯಲ್ಲಿ ಸೆಕೆಂಡಿಗೆ ಎಷ್ಟು ಘನಮೀಟರ್ ನೀರು ಹರಿಯುತ್ತಿತ್ತು ಎಂಬುದು, ಇಷ್ಟೂ ಇರಲಿ. ನೆರೆ ಬಂದು ಹೋದ ಮೇಲೆ ಹಾರುವವರು ನೀವೇ ಆಗಿರಬೇಕೆಂದಿಲ್ಲ, ಆ ಕಡತ ಹಿಡಿದು ಯಾರು ಬೇಕಾದರೂ ಅದೇ ಸಾಲುಗಳಲ್ಲಿ ಹಾರುವಂತಿರಬೇಕು.